ಮರೆಗೊಂದು ರಜಾಯಿ

ಹುಮನಾಬಾದ್ ರಸ್ತೆಯಲ್ಲಿ ಟ್ಯಾಂಕುಗಳು ಬಂದಾಗ
ಭಾಲ್ಕಿಯ ಶಾಲೆಯಲ್ಲಿ ನಾನು
ಮೂರನೆಯ ಇಯತ್ತೆಗೆ ಉರ್ದುವಿನಲ್ಲಿ ಮಗ್ಗಿ ಹೇಳಿಸುತ್ತಿದ್ದೆ.
ಪೊಲೀಸ್ ಕಾರ್ಯಾಚರಣೆ ಅಂದರು ಅದಕ್ಕೆ.
ಪೊಲೀಸರಿಗೆ ಟ್ಯಾಂಕ್ ಯಾಕ್ರಿ ಅಂತ
ಒಬ್ಬ ಹುಡುಗ ಕೇಳಿದ. ಕೂಡು ಅಂದೆ.

ಐದು ದಿನಕ್ಕೆ ಮುಗಿಯಿತು ಅಂತ ರೇಡಿಯೋ.
ನಮ್ಮಲ್ಲಿ ಆರನೆಯ ದಿನ ಸುರುವಾಯಿತು.
ರಜಾಕಾರರು ಸುಟ್ಟ ಮನೆಗಳ ಬೂದಿ
ಇನ್ನೂ ಬಿಸಿಯಿತ್ತು, ನಿಜ.
ಆದರೆ ಹತ್ತಿ ಹಿಂಜುವವನ ಕೈಯಲ್ಲಿದ್ದದ್ದು ಬಿಲ್ಲೊಂದೇ,
ಅದಕ್ಕೆ ಬಾಣವಿರಲಿಲ್ಲ.

ಮೂರು ವರ್ಷದ ಮೇಲೆ ನನ್ನ ಕೈಗೊಂದು ವಹಿ ಕೊಟ್ಟರು:
ಇಪ್ಪತ್ತೊಂದು ತುಂಬಿದವರ ಹೆಸರೆಲ್ಲ ಬರೆ,
ಪಾಟೀಲ, ಪಾಟೀಲನ ಜೀತದಾಳು,
ಇಬ್ಬರಿಗೂ ಒಂದೊಂದೇ ಸಾಲು.
ಖುಷಿಗೆ ಎರಡು ರಾತ್ರಿ ನಿದ್ದೆ ಹತ್ತಲಿಲ್ಲ.
ಮಾಂಜ್ರಾ ದಂಡೆಯ ಹಳ್ಳಿಗಳಿಗೆ ಸೈಕಲ್ ತುಳಿದೆ.

ಹೆಸರು?
"ಘಾಳೆಪ್ಪನ ಹೇಣ್ತಿ."
ಅದಲ್ಲವ್ವ, ನಿನ್ನದು.
ಸೆರಗಿನ ತುದಿ ಕಚ್ಚಿಕೊಂಡು ಬಹಳ ಹೊತ್ತು ನೆನಪಿಸಿಕೊಂಡಳು.
"ನಮ್ಮವ್ವ ತುಳಜಮ್ಮ ಅಂತಿದ್ಳು."
ಅಂದವಳೇ ನಕ್ಕು, ಒಂದು ಚೆಂಬು ಮಜ್ಜಿಗೆ ತಂದಳು.
ಇಷ್ಟೇ ಅಲ್ಲವೇ ಪ್ರಜಾರಾಜ್ಯ ಅಂದುಕೊಂಡೆ.

ಮುಂದಿನ ಓಣಿ.
ಹೆಸರು? "ಹಲೀಮಾ."
ಗಂಡ? "ದಸ್ತಗೀರ. ಪಿಂಜಾರ."
ಇದ್ದಾನೋ, ತೀರಿಕೊಂಡನೋ?
"ಬಾವಿಗಿ ಕೇಳ್ರಿ."
ಬಾವಿಗೆ ಕಲ್ಲು ತುಂಬಿ ಮೇಲೆ ಬೇವು ನೆಟ್ಟಿದ್ದರು.
ಚಾವಡಿಯ ಜನನ ಮರಣದ ವಹಿಯಲ್ಲಿ
ಆ ಭಾದ್ರಪದಕ್ಕೆ ಒಂದೂ ಸಾವಿಲ್ಲ,
ಕಾಲರಾ ಇಲ್ಲ, ಹಾವಿಲ್ಲ, ಮುಪ್ಪು ಸಹ ಇಲ್ಲ.
ದಾಖಲೆಯಿಲ್ಲದ ಸಾವನ್ನು ನಾನು ಹೇಗೆ ಬರೆಯಲಿ?
ಎಂಬತ್ತೇಳು, ದಸ್ತಗೀರ, ವಯಸ್ಸು ನಲವತ್ತು.
ಎಂಬತ್ತೆಂಟು, ಹಲೀಮಾ.

ಜೋಳದ ಸುಗ್ಗಿಯ ಹೊತ್ತಿಗೆ ಮತದಾನ.
ಕಬ್ಬಿಣದ ಪೆಟ್ಟಿಗೆಗಳು, ಒಂದೊಂದಕ್ಕೆ ಒಂದೊಂದು ಚಿತ್ರ.
ಮರೆಗೆ ಪರದೆ ಬಂದಿರಲಿಲ್ಲ;
ಪೊಲೀಸ್ ಪಾಟೀಲರ ಮನೆಯಿಂದ ರಜಾಯಿ ತರಿಸಿ ಕಟ್ಟಿದೆವು.
ಹಳೆಯದು, ಬಿಲ್ಲಿನ ಸದ್ದು ಊರಲ್ಲಿದ್ದಾಗ ಹಿಂಜಿದ ಹತ್ತಿ.
ಆಮೇಲಿನವೆಲ್ಲ ಗಂಟು ಗಂಟು,
ಚಳಿಗಾಲವಿಡೀ ಊರು ಮಗ್ಗುಲು ಬದಲಿಸುತ್ತಿತ್ತು.

ಮಧ್ಯಾಹ್ನ ಹಲೀಮಾ ಬಂದಳು.
ಅವಳ ಹೆಸರು ಹುಡುಕುವಾಗ ಕಂಡೆ:
ಎಂಬತ್ತೇಳರ ಮುಂದೆ ಆಗಲೇ ಗೀಟು ಬಿದ್ದಿತ್ತು.
ದಸ್ತಗೀರ ಬೆಳಗ್ಗೆಯೇ ಬಂದು ಮತ ಹಾಕಿ ಹೋಗಿದ್ದ.
ಯಾರ ಬೆರಳು ಅಂತ ಕೇಳುವ ಹಾಗಿರಲಿಲ್ಲ,
ಬೇವಿಗೆ ನೀರು ಹಾಕುವವರೇ ಬಾಗಿಲಲ್ಲಿ ಏಜೆಂಟರು.
ನಾನೂ ಹೇಳಲಿಲ್ಲ. ಅವಳಿಗೆ ಓದು ಬರುತ್ತಿರಲಿಲ್ಲ.

"ಒಳಗ ನಾ ಏನ್ ಮಾಡ್ದೆ ಅಂತ
ಯಾರಿಗೂ ಗೊತ್ತಾಗಲ್ಲೇನ್ರಿ ಮಾಸ್ತರ್?"
ಇಲ್ಲವ್ವ, ಇದರ ಕಾಯ್ದೆಯೇ ಹಾಗೆ, ಯಾರೂ ನೋಡೋದಿಲ್ಲ.
"ಅವತ್ತೂ ಯಾರೂ ನೋಡಿಲ್ರಿ."
ಬೆರಳು ಚಾಚಿದಳು. ಶಾಯಿ ಹಚ್ಚಿದೆ. ಒಳಗೆ ಹೋದಳು.

ಹೊತ್ತಾಯಿತು. ಸಾಲಿನಲ್ಲಿ ಗೊಣಗಾಟ.
ನಾನು ಕರೆಯಲಿಲ್ಲ.
ರಜಾಯಿ ಒಂದೆರಡು ಸಲ
ಉಸಿರು ಎಳೆದುಕೊಂಡ ಹಾಗೆ ಅಲುಗಿತು.

ಸಂಜೆ ಕೊಟ್ಟ ಚೀಟಿ, ಉಳಿದ ಚೀಟಿ ಎಣಿಸಿದೆವು.
ಲೆಕ್ಕ ಸರಿ. ಅರಗು ಒತ್ತಿ ಸಹಿ ಮಾಡಿದೆ.
ಮರೆ ಬಿಚ್ಚಿದಾಗ
ಕೆಳಗಿನ ಮೂಲೆಯ ಹೊಲಿಗೆ ಕಿತ್ತಿತ್ತು,
ಒಳಗಿನದು ಒಂದು ಹಿಡಿ ಕಡಿಮೆ.

ಸೂಜಿ ದಾರ ತರಿಸಿ ನಾನೇ ಹೊಲಿದೆ,
ಕಂದೀಲಿನ ಬೆಳಕಿನಲ್ಲಿ, ಗುರುತು ಸಿಗದ ಹಾಗೆ.
ರಾತ್ರಿಯೇ ಪಾಟೀಲರ ಮನೆಗೆ ಮುಟ್ಟಿಸಬೇಕಿತ್ತು.
ಚಳಿ ಇನ್ನೂ ಹೋಗಿರಲಿಲ್ಲ.