ಹಂಸಾಕನ ಕಿವಿ

ಸುಂಟಿಕೊಪ್ಪದ ಈ ಶೆಡ್ಡಿಗೆ ನಾನು ಬಂದ ಮೊದಲ ದಿನ
‘ಮೋಳೇ’ ಎಂದು ಕರೆದ ಹಂಸಾಕ.
ಕುಶಾಲನಗರದವಳು ನಾನು, ಮಲಯಾಳ ಬಾರದು;
ಮೊಳೆ ಎಂದು ಕೇಳಿಸಿಕೊಂಡು
ಮೂರಿಂಚಿನದೊಂದು ಹುಡುಕಿ ತಂದುಕೊಟ್ಟೆ.
ಅದಿನ್ನೂ ಗೋಡೆಯಲ್ಲಿದೆ. ಕ್ಯಾಲೆಂಡರ್ ತೂಗುತ್ತದೆ.

ಅಂದು ತಪ್ಪು ಕೇಳಿದ್ದು ನಾನು.

ಅವನದು ಹೆಸರಿಗೆ ತಕ್ಕ ಕಿವಿ ಎನ್ನುತ್ತಿದ್ದರು ಜನ:
ಹಾಲು ನೀರು ಬೇರೆ ಮಾಡುವ ಹಾಗೆ
ಗಾಳಿ ಬೇರೆ, ಪೆಟ್ರೋಲು ಬೇರೆ ಮಾಡುತ್ತಾನೆ,
ಬಾನೆಟ್ಟಿನ ಮೇಲೆ ಅಂಗೈ ಊರಿ, ಕಣ್ಣು ಮುಚ್ಚಿ.
ಕಾರ್ಬುರೇಟರಿನ ತಿರುಪು ಕಾಲು ಸುತ್ತು ಬಲಕ್ಕೆ,
‘ಸಾಕು’ ಎನ್ನುತ್ತಿದ್ದ
ಸಾರಿನ ಉಪ್ಪು ನೋಡಿದವನ ಹಾಗೆ.

ಬೊಳ್ಳಮ್ಮನ ಎಸ್ಟೀಮಿಗೆ ತಿರುಪಿಲ್ಲ.
ಡ್ಯಾಶ್‌ಬೋರ್ಡಿನಡಿ ಅಂಗೈಯಗಲದ ಕಪ್ಪು ಡಬ್ಬಿ,
ನನ್ನ ಲ್ಯಾಪ್‌ಟಾಪಿನಲ್ಲಿ ಅದರ ಕೋಷ್ಟಕ:
ಹದಿನಾರು ಅಡ್ಡಸಾಲು, ಹದಿನಾರು ಕಂಬಸಾಲು,
ಮಗ್ಗಿ ಪುಸ್ತಕ; ಬಾಯಿಪಾಠ ಮಾತ್ರ ಎಂಜಿನ್ನಿಗೆ.
ಮೂರು ವರ್ಷ ಹೀಗೇ ನಡೆಯಿತು.
ಅವನು ಕೇಳುತ್ತಾನೆ, ನಾನು ಒತ್ತುತ್ತೇನೆ.
‘ಇನ್ನೊಂದು ಗುಟುಕು ಕುಡಿಸು.’
ಕುಡಿಸಿದೆ.
‘ಇನ್ನೊಂದು.’

ಅಮ್ಮತ್ತಿಯ ಗದ್ದೆ ರೇಸಿನಲ್ಲಿ, ಕೊಯ್ಲಾದ ಕೂಳೆಯ ಮೇಲೆ,
ಮೂರನೇ ತಿರುವಿನಿಂದ ಏಳುವಾಗ ಕೆಮ್ಮಿತಂತೆ ಕಾರು.
‘ಹೊಗೆಗೂಡು ಓಡಿಸಿದ ಹಾಗಾಯ್ತು’ ಎಂದಳು ಬೊಳ್ಳಮ್ಮ
ಹೆಲ್ಮೆಟ್ಟನ್ನು ಬೆಂಚಿಗೆ ಕುಕ್ಕಿ.
‘ಸೆನ್ಸರ್ ಎಲ್ಲ ಹೊಸದು ಹಾಕಿ.
ಕರಿಮೆಣಸು ಮಾರಿ ದುಡ್ಡು ಕೊಡುತ್ತೇನೆ.’

ಕೊಯಮತ್ತೂರಿನಿಂದ ಪೊಟ್ಟಣ ಬಂತು.
ಹೊಗೆ ಕೊಳವೆಯ ಕೊರಳು ಕೊರೆದು, ಬಳೆ ಬೆಸೆದು
ಆಮ್ಲಜನಕ ಮೂಸುವುದನ್ನು ಕೂರಿಸಿದೆ;
ಗಾಳಿಯ ಒತ್ತಡಕ್ಕೊಂದು, ನೀರಿನ ಕಾವಿಗೊಂದು;
ಬ್ಲಾಕಿನ ಪಕ್ಕೆಗೆ, ಒಳಗಿನ ಕುಟ್ಟು ಆಲಿಸುವ
ಪುಟ್ಟ ಲೋಹದ ಕಿವಿ.
ಅದನ್ನು ಬಿಗಿ ಮಾಡಿದ್ದು ಹಂಸಾಕನೇ.
ಟಾರ್ಕ್ ವ್ರೆಂಚು ಟಕ್ಕೆಂದ ಮೇಲೂ
ತಿರುಗಿಸುತ್ತಲೇ ಇದ್ದ.
ನಾನು ಅವನ ಕೈ ಹಿಡಿದೆ.

ರಾತ್ರಿ ಎರಡಕ್ಕೆ ಸಂಪಾಜೆಗೆ ಇಳಿದು, ತಿರುಗಿ ಏರಿದೆವು.
ಕೆಳಗೆ ತೊಂಬತ್ತೊಂಬತ್ತು ತೋರುತ್ತಿದ್ದ ಗಾಳಿ
ಕಾಟಕೇರಿಗೆ ಬರುವಷ್ಟರಲ್ಲಿ ತೊಂಬತ್ತು.
ಬೊಳ್ಳಮ್ಮ ಗೇರ್ ಇಳಿಸಿ ತುಳಿದಲ್ಲೆಲ್ಲ
ಪರದೆಯ ಗೆರೆ ಕುಸಿಯುತ್ತಿತ್ತು:
ಒಂದು ಪಾಲು ಪೆಟ್ರೋಲಿಗೆ
ಹನ್ನೆರಡೂವರೆ ಪಾಲು ಗಾಳಿ ಬೇಕಾದಲ್ಲಿ
ಹನ್ನೊಂದೂ ಇಲ್ಲ.
ಕುಡಿಸಿ ಕುಡಿಸಿ ಮುಳುಗಿಸಿದ್ದೆವು.

ಹಿಂದಿನ ಸೀಟಿನಿಂದ ಬಗ್ಗಿದ ಹಂಸಾಕ
ಗೆರೆಯ ಮೇಲೆ ಉಗುರು ಎಳೆದುಕೊಂಡು ಬಂದ, ನಿಧಾನ.
‘ಇದು ಎಂಜಿನ್ನಿನದಾ?’
ಆಮೇಲೆ: ‘ನನ್ನದಾ?’
ನಾನು ಕೀಲಿಮಣೆ ನೋಡಿದೆ.
ಬೊಳ್ಳಮ್ಮ ಕನ್ನಡಿ ಸರಿಮಾಡಿಕೊಂಡಳು,
ಸರಿಯಾಗಿಯೇ ಇದ್ದದ್ದನ್ನು.
ಇಳಿದು ಹೋಗಿ ಬೀಡಿ ಹಚ್ಚಿದ. ಮುಗಿಸದೆ ಬಂದ.
‘ಅಳಿಸು ಮೋಳೇ. ಪೂರಾ.’

ಇನ್ನೂರೈವತ್ತಾರು ಮನೆಗಳು.
ಏರಿ, ಇಳಿದು, ಮತ್ತೆ ಏರಿ ಒಂದೊಂದೇ ತುಂಬಿದೆ.
ಮಂಜಿನೊಳಗೆ ಹಾಲಿನ ಜೀಪಿನ ದೀಪ ಕಾಣುವ ಹೊತ್ತಿಗೆ
ಕಾರು ಒಂದೇ ಉಸಿರಲ್ಲಿ ಘಟ್ಟ ಹತ್ತಿತು.
ಈ ಸಲ ‘ಸಾಕು’ ಎಂದದ್ದು ನಾನು.
ಅವನು ಕಿಟಕಿಯಾಚೆ ನೋಡುತ್ತಿದ್ದ.

ಮರುವಾರ ಯಾರಿಗೂ ಹೇಳದೆ ಮೈಸೂರಿಗೆ ಹೋಗಿಬಂದ.
ಕಿವಿಯ ಹಿಂದೆ ಅವರೆಬೀಜದಷ್ಟು ಯಂತ್ರ.
ಮಧ್ಯಾಹ್ನಕ್ಕೆ ಕಿತ್ತು ಬೆಂಚಿನ ಮೇಲಿಟ್ಟ,
ಸ್ಪಾರ್ಕ್ ಪ್ಲಗ್ಗುಗಳ ಪಕ್ಕ.
‘ಸ್ಪ್ಯಾನರ್ ಬಿದ್ದರೆ ಕೋವಿ ಹಾರಿದ ಹಾಗೆ.
ಇದನ್ನು ಟ್ಯೂನ್ ಮಾಡಿದವ ಶೆಡ್ಡು ಕಂಡವನಲ್ಲ.
ನಿನ್ನ ವಯರು ಇದಕ್ಕೆ ಹಿಡಿಯುತ್ತದಾ ನೋಡು.’

ಹಿಡಿಯುವುದಿಲ್ಲ, ಎಂದೆ.

‘ಏನು?’ ಎಂದ.