ಬೈಕಂಪಾಡಿಯಲ್ಲಿ ಒಂದು ತ್ರಿಕೋನ

ಉಮರಬ್ಬರ ಗ್ಯಾರೇಜಿನಲ್ಲಿ ಬಿಲ್ಲು ಬರೆಯುವವಳು ನಾನು.
ನಟ್ಟು ಬೋಲ್ಟು ಗೊತ್ತಿಲ್ಲ, ಅವುಗಳ ಕ್ರಯ ಗೊತ್ತುಂಟು.
ಟೆಂಪೋದ ಹಿಂದೆ ಹಗ್ಗ ಕಟ್ಟಿ
ಆ ಮಜ್ದಾ ಆರ್‌ಎಕ್ಸ್ ಸೆವೆನ್ನನ್ನು ಎಳೆದು ತಂದ ದಿನ
ಮೊದಲು ನೋಡಿದ್ದು ಅದರ ಕಣ್ಣು:
ಒಂದು ದೀಪ ರೆಪ್ಪೆ ಎತ್ತಿತ್ತು, ಇನ್ನೊಂದು ಮುಚ್ಚಿತ್ತು,
ಬಂದರಿನಲ್ಲಿ ಬಂಗುಡೆಗೆ ಚೌಕಾಸಿ ಮಾಡುವವರ ಹಾಗೆ.

ಬಹರೈನಿನಿಂದ ಹಡಗಿನಲ್ಲಿ ಬಂದದ್ದಂತೆ, ಎಂಬತ್ತಮೂರರಲ್ಲಿ.
ಹಿಲಾರಿ ಲೋಬೊ ಅಲ್ಲಿ ಕ್ರೇನ್ ಓಡಿಸುತ್ತಿದ್ದರು.
ಪಣಂಬೂರಿನ ಕಸ್ಟಮ್ಸಿನವರು ಬಾನೆಟ್ ಎತ್ತಿ ಬಗ್ಗಿ ನೋಡಿ
"ಇಂಜಿನು ಎಲ್ಲುಂಟು?" ಅಂತ ಕೇಳಿದರಂತೆ.
ಅಷ್ಟು ಸಣ್ಣದು.
ಒಂದು ಅಕ್ಕಿ ಮುಡಿ, ಬೇಕಾದರೆ.

ಹಿರೋಶಿಮಾದ ಕಂಪೆನಿ. ಮೊದಲು ಕಾರ್ಕು ಮಾಡುತ್ತಿದ್ದರು,
ಆಮೇಲೆ ಮೂರು ಚಕ್ರದ ಗಾಡಿ.
ಜರ್ಮನಿಯವನೊಬ್ಬನ ಕನಸಿಗೆ ದುಡ್ಡು ಕೊಟ್ಟರು;
ಓಡಿಸಿ, ಬಿಚ್ಚಿ ನೋಡಿದರೆ
ಕನಸಿನ ಒಳಗೋಡೆ ತುಂಬ ಒತ್ತೊತ್ತು ಗೀರು.
ಪಿಶಾಚಿಯ ಉಗುರು ಅಂದರು ಅದಕ್ಕೆ.
ನಲವತ್ತೇಳು ಮಂದಿ ಆ ಉಗುರು ಕತ್ತರಿಸಲು ಕೂತರು,
ಪ್ರಾಣಿಯ ಮೂಳೆಯನ್ನೂ ಉಜ್ಜಿ ನೋಡಿದರಂತೆ,
ಕೊನೆಗೆ ಕಾರ್ಬನ್ನಿಗೆ ಅಲ್ಯುಮಿನಿಯಂ ಕುಡಿಸಿ ಗೆದ್ದರು.

"ನಮ್ಮಲ್ಲಾದರೆ ಒಂದು ಕೋಲ ಕೊಟ್ಟು ಮುಗಿಸಬಹುದಿತ್ತು,"
ಲೇತಿನ ಸಂಜೀವಣ್ಣ ಅಂದರು.
ಉಮರಬ್ಬ ನಗಲಿಲ್ಲ. ಅವರ ಹೆಬ್ಬೆರಳು
ನಮ್ಮ ಗೋಡೆಯ ಗೀರುಗಳನ್ನು ಎಣಿಸುತ್ತಿತ್ತು.

ನನಗಾಗಿ ನೆಲದ ಮೇಲೆ ಸೀಮೆಸುಣ್ಣದಲ್ಲಿ ಬರೆದರು:
ಎರಡು ಬೀಜದ ನೆಲಗಡಲೆ,
ಅದರೊಳಗೊಂದು ಹೊಟ್ಟೆಯುಬ್ಬಿದ ಸಮೋಸ.
"ಸುತ್ತುವಾಗ ಮೂರು ಮೂಲೆಯೂ ಗೋಡೆ ಬಿಡಬಾರದು, ಒಂದು ಕ್ಷಣವೂ."
ಆಗ ಹೊಳೆಯಿತು. ರುಬ್ಬುವ ಕಲ್ಲು!
ಗುಂಡು ತಾನೂ ತಿರುಗುತ್ತದೆ, ಕುಳಿಗೂ ಸುತ್ತು ಬರುತ್ತದೆ,
ಈ ಬದಿಯಲ್ಲಿ ಅಕ್ಕಿ ಜಾರುವಾಗ ಆ ಬದಿಯಲ್ಲಿ ಹಿಟ್ಟು ಏರುತ್ತದೆ.
ಎಳೆ, ಒತ್ತು, ಉರಿ, ಉಗುಳು,
ಎಲ್ಲ ಒಂದೇ ಹೊತ್ತಿಗೆ, ಬೇರೆಬೇರೆ ಬದಿಯಲ್ಲಿ.
"ಪಿಸ್ಟನ್ ಮೇಲೆ ಹೋಗಿ ನಿಲ್ಲಬೇಕು, ಕೆಳಗೆ ಬಂದು ನಿಲ್ಲಬೇಕು.
ಇದಕ್ಕೆ ನಿಲ್ಲುವುದು ಅಂದರೆ ಎಂತ ಅಂತಲೇ ಗೊತ್ತಿಲ್ಲ."

ಮುರಿದದ್ದು ಒಂದು ಕಡ್ಡಿ.
ಮೂಲೆಯ ಸೀಳಿನಲ್ಲಿ, ಸ್ಪ್ರಿಂಗಿನ ಮೇಲೆ ಕೂರುವಂಥದ್ದು,
ಹಿಡಿಸೂಡಿ ಕಡ್ಡಿಯ ಬುಡದಷ್ಟು ದಪ್ಪ.
ಜಪಾನಿನಿಂದ ಬರಲು ನಾಲ್ಕು ತಿಂಗಳು;
ಕ್ರಯ ಬರೆದು ಲೋಬೊರ ಮಗಳು ಫ್ಲೇವಿಯಾಗೆ ತೋರಿಸಿದೆ.
"ಇದಕ್ಕೆ ಹಳೇ ಆಕ್ಟಿವಾ ಬರುತ್ತದೆ" ಅಂದಳು,
ಆದರೆ ಹೋಗಲಿಲ್ಲ, ಬಾಗಿಲಲ್ಲೇ ನಿಂತಳು.

ಸಂಜೀವಣ್ಣ ಮೂಲೆಯ ಗುಜರಿ ಕೆದಕಿದರು:
ಮುಚ್ಚಿಹೋದ ಹಂಚಿನ ಕಾರ್ಖಾನೆಯ ಒತ್ತುಯಂತ್ರದ ತುಂಡು,
ಎಷ್ಟೋ ಮಾಡುಗಳನ್ನು ಒತ್ತಿ ದಣಿದ ಬೀಡು ಕಬ್ಬಿಣ.
ಮೊದಲನೆಯದು ತಿರುಚಿತು. ಎರಡನೆಯದು ಬಿರಿಯಿತು.
ಆಮೇಲೆ ನಾನು ಎಣಿಸುವುದು ಬಿಟ್ಟೆ, ಅವರು ಬಿಡಲಿಲ್ಲ.
ಹದಿನೇಳನೆಯದು ಕೂತಿತು.

ರಾತ್ರಿ ಹನ್ನೊಂದು ಗಂಟೆಗೆ ಸ್ಟಾರ್ಟ್.
ಗುಡುಗುಡು ಅಲ್ಲ, ಬಡಬಡ ಅಲ್ಲ.
ಯಾರೋ ಹೆಜ್ಜೇನಿನ ಹುಟ್ಟಿಗೆ ಕಿವಿ ಇಟ್ಟ ಹಾಗೆ.
ಸಾಲು ನಿಂತ ಲಾರಿಗಳನ್ನು ದಾಟಿ
ಕೂಳೂರು ಸೇತುವೆಯ ಮೇಲೆ ಮುಳ್ಳು ಏರಿ ಏರಿ
ಡ್ಯಾಶಿನೊಳಗೆ ಎಂತದೋ ಕೀರಲಾಗಿ ಕೂಗಿತು.
ನಾನು ಬಾಗಿಲು ಹಿಡಿದುಕೊಂಡೆ.
"ಹೆದರಬೇಡ ಮಾರಾಯ್ತಿ, ಅದು ಬಜರು.
ಇಷ್ಟು ನಯವಾಗಿ ಓಡಿದರೆ
ಎಲ್ಲಿ ನಿಲ್ಲಿಸಬೇಕಂತ ಓಡಿಸುವವನಿಗೆ ತಿಳಿಯುವುದಿಲ್ಲ,
ಅದಕ್ಕೆ ಕಾರೇ ಹೇಳುತ್ತದೆ."
ಹಿಂದೆ ಇಕ್ಕಟ್ಟಿನಲ್ಲಿ ಮಡಚಿ ಕೂತ ಫ್ಲೇವಿಯಾ
"ಇನ್ನೊಮ್ಮೆ" ಅಂದಳು.

ಮರುದಿನ ಬಿಲ್ಲು.
ಎಣ್ಣೆ, ಒಂದು ಲೀಟರ್. ಸೋರಿದ್ದಲ್ಲ, ಅದರ ಊಟ.
ಬೀಡು ಕಬ್ಬಿಣ, ಗುಜರಿ ದರದಲ್ಲಿ, ಎಂಟು ರೂಪಾಯಿ.
ಹಾಳಾದವುಗಳನ್ನು ಬರೆಯಬೇಡ ಅಂದರು ಸಂಜೀವಣ್ಣ,
ಚಹಾದ ಲೋಟದೊಳಗೆ ನೋಡುತ್ತ.
ಬರೆದೆ:
ಕಡ್ಡಿ, ಹದಿನಾರು. ಕ್ರಯ ಸೊನ್ನೆ.