ಜರಡಿ

ಎಂಟು ಕಾಲಿನ ಕರಿ ಚಿಪ್ಪು, ಉಗುರಿಗಿಂತ ಕಿರಿದು.
ಮಿಲೊಯ್ಕಾ ಅದನ್ನು ಚಿಮಟದಲ್ಲಿ ಹಿಡಿದು
ಸೀಸ ಕರಗಿಸುತ್ತಾಳೆ; ಹೊಗೆ ಕಣ್ಣಿಗೆ ಬಡಿದರೂ
ಎವೆಯಿಕ್ಕುವುದಿಲ್ಲ. ಮೂವತ್ತೊಂದು ವರ್ಷ
ಕ್ರಾನ್ ಪಟ್ಟಣದ ಟೆಲಿಫೋನ್ ಕಾರ್ಖಾನೆಯಲ್ಲಿ
ಇಂಥ ಕಾಲುಗಳಿಗೇ ಬೆಸುಗೆ ಹಾಕಿದ ಕೈ.

ಒಂದು ಕೆಪಾಸಿಟರ್, ಎರಡು ರೆಸಿಸ್ಟರ್, ಒಂದು ರಿಲೇ.
ಮನೆ, ತಿಂದು ತೊಳೆದಿಟ್ಟ ಸಾರ್ಡೀನ್ ಡಬ್ಬಿ.
ಲೆಕ್ಕ ಇಷ್ಟೇ: ಮೆಲ್ಲಗೆ ತುಂಬಬೇಕು,
ಮೂರರಲ್ಲೆರಡು ಪಾಲು ಮುಟ್ಟಿದೊಡನೆ ಸುರಿಯಬೇಕು,
ಒಂದು ಪಾಲು ಉಳಿಸಿಕೊಂಡೇ ಸುರಿಯಬೇಕು,
ಟಕ್ ಎನ್ನಬೇಕು. ಮತ್ತೆ ತುಂಬಬೇಕು.
ಗಳಿಗೆ ಬಟ್ಟಲಿನ ಕೆಲಸವೇ, ನೀರಿಲ್ಲದೆ.

ನೀರು ಕಿಟಕಿಯಾಚೆ.
ಸ್ಲೊವೇನಿಯಾದ ನಕ್ಷೆಯಲ್ಲಿ ತ್ಸೆರ್ಕ್ನಿತ್ಸಾ ಸರೋವರಕ್ಕೆ
ನೀಲಿ ತುಂಬುವುದಿಲ್ಲ, ಬರೀ ಗೆರೆ ಎಳೆದಿರುತ್ತಾರೆ:
ಇದ್ದಾಗ ಇದೆ.
ಬೇಸಗೆಯಲ್ಲಿ ಸುಣ್ಣಕಲ್ಲಿನ ಬಿಲಗಳಿಗೆ ಇಳಿದುಹೋಗುತ್ತದೆ.
ಒಂದು ಬಿಲದ ಹೆಸರು ರೇಶೆತೊ, ಜರಡಿ.
ಎಪ್ಪತ್ತು ವರ್ಷ ದಡದಲ್ಲೇ ಕಳೆದವಳು
ಹೋಗುವುದನ್ನು ಮಾತ್ರ ನೋಡಿಲ್ಲ.
ಯಾರನ್ನು ಕೇಳಿದರೂ, ಮೊನ್ನೆ ಇತ್ತಲ್ಲ, ಅನ್ನುತ್ತಾರೆ.
ನಡುವೆ?
ಹುಲ್ಲು ಕೊಯ್ಯುತ್ತಿದ್ದೆ.

ಜುಲೈ. ಹುಲ್ಲೊಣಗಿಸುವ ಅಟ್ಟಣೆಯ ತುದಿಗೆ ಕ್ಯಾಮೆರಾ,
ಟ್ರ್ಯಾಕ್ಟರಿನ ಬ್ಯಾಟರಿ, ಐದು ನಿಮಿಷಕ್ಕೊಂದು ಟಕ್.
ಹತ್ತೊಂಬತ್ತು ದಿನ.
ಜೇಡ ಒಂದು ಲೆನ್ಸಿಗೆ ಬಲೆ ಕಟ್ಟಿತು, ಒರೆಸಿದಳು.

ಪೋಣಿಸಿ ಓಡಿಸಿದಾಗ ನಾಲ್ಕು ನಿಮಿಷ.
ರಾತ್ರಿಗಳು ರೆಪ್ಪೆ ಮುಚ್ಚಿದ ಹಾಗೆ.
ಹರಿದದ್ದೇ ಕಾಣಲಿಲ್ಲ. ಅಂಗಿಯ ಮೇಲೆ ಚೆಲ್ಲಿದ ನೀರು
ಅಂಚಿನಿಂದ ಆರುತ್ತದಲ್ಲ, ಹಾಗೆ
ಸರೋವರ ಆರಿತು.

ಹದಿನೇಳನೆಯ ದಿನಕ್ಕೆ ಯೆರ್ನೆಯ್ ಬಂದ.
ಅಂದು ಬೆಳಗಿನಿಂದ ಸಂಜೆಯತನಕ
ಮೊಣಕಾಲುದ್ದ ಕೆಸರಲ್ಲಿ ನಿಂತು, ಸಿಕ್ಕಿಬಿದ್ದ ಪೈಕ್ ಮೀನುಗಳನ್ನು
ಬಕೆಟ್ ಬಕೆಟ್ ಹೊತ್ತು ಬತ್ತದ ಮಡುವಿಗೆ ಬಿಟ್ಟಿದ್ದವ.
ಇಲ್ಲಿ ಎರಡು ಸೆಕೆಂಡು ಮಿಣುಕಿದ,
ಅಲ್ಲೊಮ್ಮೆ ಇಲ್ಲೊಮ್ಮೆ, ನೊಣದ ಹಾಗೆ.
ಬಗ್ಗಿದ್ದಾನೆ, ನಿಂತಿದ್ದಾನೆ, ಒಮ್ಮೆ ಸಿಗರೇಟು.
ಒಂದರಲ್ಲೂ ಮೀನಿಲ್ಲ.

"ದಿನವಿಡೀ ಬೀಡಾಡಿ ಅಲೆದೆ ಅನ್ನುತ್ತೆ ನಿನ್ನ ಡಬ್ಬಿ"
ಎಂದು ನಕ್ಕ. ಕಿವಿ ಕೆಂಪಾಗಿತ್ತು.

ಅವಳು ಡ್ರಾಯರ್ ಎಳೆದು
ಸಣ್ಣ ರೆಸಿಸ್ಟರ್ ಹುಡುಕತೊಡಗಿದಳು.
"ಮುಂದಿನ ವರ್ಷ ನಿಮಿಷಕ್ಕೊಂದು ಇಡುತ್ತೇನೆ."
"ಮೀನು ಎಲ್ಲಿ ಒಂದು ನಿಮಿಷ ಕೈಯಲ್ಲಿ ನಿಲ್ಲುತ್ತೆ, ಮಿಲೊಯ್ಕಾ?"

ಕೆಂಪು, ಕಪ್ಪು, ಹಳದಿ:
ದೀಪಕ್ಕೆ ಹಿಡಿದು ಪಟ್ಟೆಗಳನ್ನು ಓದಿದಳು,
ಕೆಳಗಿಟ್ಟಳು, ಇನ್ನೂ ಸಣ್ಣದು ತೆಗೆದಳು.